ಮೊನೊ ಧ್ವನಿಮುದ್ರಣಕ್ಕೆ ಎಷ್ಟು ಕಿಲೋಬಿಟ್ ಸಾಕು?

ಹಿರಿಯರ ಮಾತು, ಹರಿಕಥೆ, ತಾಳಮದ್ದಲೆ, ಸಂಘದ ಹಳೆಯ ನಾಟಕಗಳು... ಇವೆಲ್ಲ ಕ್ಯಾಸೆಟ್‌ಗಳಲ್ಲಿ ಕುಳಿತಿವೆ. ಅವನ್ನು ಕಂಪ್ಯೂಟರಿಗೆ ಇಳಿಸುವ ಸದಸ್ಯರು ನಮ್ಮನ್ನು ಕೇಳುವ ಮೊದಲ ಪ್ರಶ್ನೆಯೇ ಇದು. ಬರೀ ಮಾತಾದರೆ ಮೊನೊ ಎಂಪಿ3, 44.1 ಕಿಲೋಹರ್ಟ್ಸ್, ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಹಾಡು, ವಾದ್ಯ ಇದ್ದರೆ 96 ಇಡಿ. ಒಂದು ಗಂಟೆಯ ಮೊನೊ ವೇವ್ ಕಡತ ಸುಮಾರು 318 ಎಂಬಿ; 64ರಲ್ಲಿ ಅದು 29 ಎಂಬಿಗೆ ಇಳಿಯುತ್ತದೆ.

64 ಕಡಿಮೆಯಾಯಿತೆಂದು ಗಾಬರಿ ಬೇಡ. ಈ ಅಂಕಿ ಇಡೀ ಕಡತದ್ದು. ಸ್ಟೀರಿಯೊದಲ್ಲಿ 128ನ್ನು ಎರಡು ಚಾನೆಲ್‌ಗಳು ಹಂಚಿಕೊಂಡರೆ, ಮೊನೊದಲ್ಲಿ 64 ಪೂರ್ತಿ ಒಂದಕ್ಕೇ ಸಿಗುತ್ತದೆ.

ಒಂದೇ ಮೈಕಿನ ಮುದ್ರಣವನ್ನು ಸ್ಟೀರಿಯೊ ಡೆಕ್ಕಿನಲ್ಲಿ ನುಡಿಸಿದಾಗ ಎರಡೂ ಕಡೆ ಮಾತು ಒಂದೇ, ಆದರೆ ಟೇಪಿನ ‘ಸ್ಸ್’ ಸದ್ದು ಬೇರೆ ಬೇರೆ. ಸ್ಟೀರಿಯೊ ಆಗಿಯೇ ಬಿಟ್ಟರೆ ಆ ಸದ್ದನ್ನು ಕಾಪಾಡುವುದಕ್ಕೇ ಬಿಟ್‌ಗಳು ವ್ಯರ್ಥವಾಗುತ್ತವೆ! ಎರಡನ್ನೂ ಬೆರೆಸಿ ಮೊನೊ ಮಾಡಬಹುದು, ಆದರೆ ಕಿವಿಗೊಟ್ಟು ಕೇಳಿ. ಡೆಕ್ಕಿನ ಹೆಡ್ ಸ್ವಲ್ಪ ವಾಲಿದ್ದರೆ ಬೆರೆಸಿದಾಗ ಧ್ವನಿ ಮಂಕಾಗುತ್ತದೆ. ಆಗ ಸ್ಪಷ್ಟವಾಗಿರುವ ಒಂದು ಚಾನೆಲ್ಲನ್ನು ಮಾತ್ರ ಇಟ್ಟುಕೊಳ್ಳಿ. ಒಂದು ಚಾನೆಲ್ ಖಾಲಿಯಿದ್ದರೂ ಹಾಗೆಯೇ, ಬೆರೆಸಿದರೆ ಧ್ವನಿಯ ಮಟ್ಟ ಅರ್ಧಕ್ಕೆ ಇಳಿಯುತ್ತದೆ.

ಕಡತ ಚಿಕ್ಕದಾಗಲೆಂದು 22.05 ಕಿಲೋಹರ್ಟ್ಸಿಗೆ ಇಳಿಸಿದರೆ 11 ಕಿಲೋಹರ್ಟ್ಸಿನ ಮೇಲಿನದ್ದು ಹೋಗುತ್ತದೆ. ಭಾಷಣ ನಡೆದೀತು, ಗೆಜ್ಜೆ ತಾಳಗಳ ಹೊಳಪು ಉಳಿಯದು. 8 ಕಿಲೋಹರ್ಟ್ಸ್ ಮಾತ್ರ ಬೇಡವೇ ಬೇಡ. ದೂರವಾಣಿಯಲ್ಲಿ ಕೇಳಿದಂತಾಗಿ ಸಕಾರ ಶಕಾರಗಳೇ ಕಲಸಿಹೋಗುತ್ತವೆ.

2012ರಲ್ಲಿ ಬಂದ ಓಪಸ್ 32 ಕಿಲೋಬಿಟ್‌ನಲ್ಲೇ ಮಾತನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೂ ಊರಿನಲ್ಲಿರುವ ಅಜ್ಜಿಗೆ ಪೆನ್ ಡ್ರೈವಿನಲ್ಲಿ ಕಳಿಸುವುದಾದರೆ ಎಂಪಿ3 ವಾಸಿ, ಹಳೆಯ ಪ್ಲೇಯರ್‌ಗಳಿಗೆ ಗೊತ್ತಿರುವುದು ಅದೊಂದೇ. ಅದೂ ಸ್ಥಿರ ಬಿಟ್‌ರೇಟ್‌ನಲ್ಲಿರಲಿ. ಬದಲಾಗುವ ಬಿಟ್‌ರೇಟಿನಲ್ಲಿ ಕೆಲವು ಹಳೆಯ ಯಂತ್ರಗಳು ಸಮಯವನ್ನು ತಪ್ಪಾಗಿ ತೋರಿಸುತ್ತವೆ.

ಇದಕ್ಕೆಲ್ಲ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಆದರೆ ಎಂಪಿ3 ಮಾಡಿ ಮೂಲವನ್ನು ಅಳಿಸಬೇಡಿ. ಅದನ್ನು ತಿದ್ದಿ ಮತ್ತೆ ಎಂಪಿ3 ಆಗಿ ಉಳಿಸಿದಾಗಲೆಲ್ಲ ಗುಣಮಟ್ಟ ಇನ್ನಷ್ಟು ಕೆಡುತ್ತದೆ, ಮತ್ತೆ ಇಳಿಸೋಣವೆಂದರೆ ಅಷ್ಟರಲ್ಲಿ ಕ್ಯಾಸೆಟ್ ತುಂಡಾಗಿರಬಹುದು. ಮೂಲವನ್ನು ಫ್ಲ್ಯಾಕ್ ಆಗಿ ಇಡಿ. ಏನೂ ಕಳೆಯದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಂಘದ ಸಂಗ್ರಹಕ್ಕೆ ಕೊಡುವವರು ದಯವಿಟ್ಟು ಫ್ಲ್ಯಾಕ್ ಕಡತವನ್ನೇ ಕೊಡಿ, ಎಂಪಿ3 ನಾವು ಮಾಡಿಕೊಳ್ಳುತ್ತೇವೆ.