ಧ್ವನಿಯ ಹಾದಿಯಲ್ಲಿ ಬಂದ ಚಿತ್ರ

ಹವ್ಯಾಸಿ ರೇಡಿಯೋ ನಡೆಸುವ ಹ್ಯಾಮ್‌ಗಳು ಖಂಡಾಂತರಗಳಿಗೆ ಮಾತು ಕಳಿಸುತ್ತಿದ್ದರೂ ಚಿತ್ರ ಕಳಿಸಲು ಬಹುಕಾಲ ಆಗಲಿಲ್ಲ. ಏಕೆ ಗೊತ್ತೆ? ತೊಡಕು ಇದ್ದದ್ದು ಆವೃತ್ತಿ ಪಟ್ಟಿಯ ಅಗಲದಲ್ಲಿ. ಮಾತಿಗೆ ಸುಮಾರು 3 ಕಿಲೋಹರ್ಟ್ಸ್ ಸಾಕು. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ ಇರುವ ಟೆಲಿವಿಷನ್ನಿಗೆ ಸುಮಾರು 5 ಮೆಗಾಹರ್ಟ್ಸ್ ಬೇಕು. ಹ್ಯಾಮ್‌ಗಳಿಗೆ ಪ್ರಿಯವಾದ 20 ಮೀಟರ್ ಪಟ್ಟಿಯ ಒಟ್ಟು ಅಗಲವೇ 350 ಕಿಲೋಹರ್ಟ್ಸ್!

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ ಈ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಪಟ್ಟಿ ಅಗಲವಾಗದಿದ್ದರೆ ಚಿತ್ರವೇ ನಿಧಾನವಾಗಲಿ! 1958ರಲ್ಲಿ 'ಕ್ಯೂಎಸ್‌ಟಿ' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಮುಂದೆ ನೆಲೆಗೊಂಡ ಪದ್ಧತಿಯಲ್ಲಿ 120 ಗೆರೆಗಳ ಒಂದು ಚಿತ್ರಕ್ಕೆ 8 ಸೆಕೆಂಡು. ನೀವೇ ಲೆಕ್ಕ ಹಾಕಿ ನೋಡಿ. ಗೆರೆಗೆ 120 ಬಿಂದುಗಳಾದರೆ ಒಟ್ಟು 14,400 ಬಿಂದು, ಸೆಕೆಂಡಿಗೆ 1,800. ಒಂದು ಕಪ್ಪು, ಒಂದು ಬಿಳಿ ಬಿಂದು ಸೇರಿ ಒಂದು ಆವರ್ತವಾದ್ದರಿಂದ ಗರಿಷ್ಠ ಆವೃತ್ತಿ 900 ಹರ್ಟ್ಸ್. ಮಾತಿನ ಹಾದಿಯಲ್ಲಿ ಇದು ಸಲೀಸಾಗಿ ಹಿಡಿಯುತ್ತದೆ.

ಮೊದಲ ವ್ಯವಸ್ಥೆಯಲ್ಲಿ ಬೆಳಕಿನ ಏರಿಳಿತಕ್ಕೆ ತಕ್ಕಂತೆ ಸಂಕೇತದ ಪಾರ ಬದಲಾಗುತ್ತಿತ್ತು. ಆದರೆ ಶಾರ್ಟ್‌ವೇವ್‌ನಲ್ಲಿ ಸಂಕೇತ ತಾನಾಗಿಯೇ ಕುಗ್ಗಿ ಹಿಗ್ಗುತ್ತದಲ್ಲ, ಚಿತ್ರವೂ ಅದರೊಂದಿಗೆ ಮಾಸುತ್ತಿತ್ತು. 1961ರಲ್ಲಿ ಮ್ಯಾಕ್‌ಡೊನಾಲ್ಡ್ ಪಾರವನ್ನು ಬಿಟ್ಟು ಆವೃತ್ತಿಯನ್ನು ಬಳಸುವ ಸುಧಾರಿತ ಕ್ರಮವನ್ನು ಪ್ರಕಟಿಸಿದರು. ಕಪ್ಪಿಗೆ 1,500 ಹರ್ಟ್ಸ್, ಬಿಳಿಗೆ 2,300, ಗೆರೆ ಆರಂಭವಾಯಿತೆಂದು ತಿಳಿಸುವ ತಾಳ ಸಂಕೇತಕ್ಕೆ 1,200.

ಇನ್ನು ಮನೆಯಲ್ಲಿ ಕಟ್ಟುವ ಗ್ರಾಹಕ. ರೇಡಿಯೋದ ಹೆಡ್‌ಫೋನಿಗೆ ಬರುವ ಶಿಳ್ಳೆಯಂಥ ಸದ್ದೇ ಅದರ ಕಚ್ಚಾ ವಸ್ತು. ಮೊದಲು ಮಿತಿಕಾರಕ ಮಂಡಲವು ಸಂಕೇತದ ಪಾರವನ್ನು ಸಮನಾಗಿ ಕತ್ತರಿಸುತ್ತದೆ. ಮುಂದಿನ ಮಂಡಲ ಆವೃತ್ತಿಯ ಬದಲಾವಣೆಯನ್ನು ವೋಲ್ಟೇಜಾಗಿ ಪರಿವರ್ತಿಸಿ ಚಿತ್ರನಳಿಗೆಗೆ ಕೊಡುತ್ತದೆ. 1,200 ಹರ್ಟ್ಸ್ ಶೋಧಕವು ತಾಳ ಸಂಕೇತವನ್ನು ಬೇರ್ಪಡಿಸಿ ಎಲೆಕ್ಟ್ರಾನ್ ಕಿರಣವನ್ನು ಹೊಸ ಗೆರೆಗೆ ಎಳೆದು ತರುತ್ತದೆ.

ಆದರೆ ಎಂಟನೆಯ ಸೆಕೆಂಡಿನಲ್ಲಿ ಕೊನೆಯ ಗೆರೆ ಮೂಡುವಾಗ ಮೊದಲ ಗೆರೆ ಆರಿರಬಾರದಲ್ಲ? ಇಲ್ಲಿ ನೆರವಿಗೆ ಬಂದದ್ದು ಯುದ್ಧ. ಎರಡನೆಯ ಮಹಾಯುದ್ಧದ ರಾಡಾರುಗಳಿಗೆ ತಯಾರಾದ ಪಿ7 ಲೇಪದ ನಳಿಗೆಗಳು ಹೆಚ್ಚುವರಿ ಸರಕಾಗಿ ಮಾರುಕಟ್ಟೆಗೆ ಬಂದಿದ್ದವು. ನೀಲಿ ಮಿಂಚು ಹೋದ ಮೇಲೂ ಅವುಗಳಲ್ಲಿ ಹಳದಿ ಹೊಳಪು ಕೆಲವು ಸೆಕೆಂಡು ಉಳಿಯುತ್ತದೆ. ಪರದೆಗೆ ಮುಸುಕು ಹಾಕಿ ಅಥವಾ ಕೋಣೆ ಕತ್ತಲು ಮಾಡಿ ನೋಡಬೇಕಿತ್ತು. ನಳಿಗೆಗೆ ಸಾವಿರಾರು ವೋಲ್ಟ್ ಬೇಕು. ಅಂಥ ಹಳೆಯ ಉಪಕರಣ ನಿಮಗೆ ಸಿಕ್ಕರೆ ದಯವಿಟ್ಟು ಒಬ್ಬರೇ ಬಿಚ್ಚಬೇಡಿ.

ಗೆರೆಗಳ ವೇಗವನ್ನು ಮನೆಯ ವಿದ್ಯುತ್ತಿನಿಂದಲೇ ಪಡೆದದ್ದು ಜಾಣತನ. ಅಮೆರಿಕದ 60 ಹರ್ಟ್ಸ್ ಅನ್ನು ನಾಲ್ಕರಿಂದ ಭಾಗಿಸಿದರೆ ಸೆಕೆಂಡಿಗೆ 15 ಗೆರೆ. ನಮ್ಮಲ್ಲಿಯಂತೆ 50 ಹರ್ಟ್ಸ್ ಇರುವ ದೇಶಗಳಲ್ಲಿ ಮೂರರಿಂದ ಭಾಗಿಸಿದರು. ಅಲ್ಲಿ ಚಿತ್ರ 7.2 ಸೆಕೆಂಡಿನಲ್ಲೇ ಮುಗಿಯುತ್ತಿತ್ತು.

1968ರಲ್ಲಿ ಅಮೆರಿಕದ ಸಂವಹನ ಆಯೋಗ ಈ ಪದ್ಧತಿಗೆ ಸಾಮಾನ್ಯ ಅನುಮತಿ ನೀಡಿತು. ಚಿತ್ರವೆಂದರೆ ಬರೀ ಸದ್ದೇ ಆದ್ದರಿಂದ ಹ್ಯಾಮ್‌ಗಳು ಅದನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟು ಮತ್ತೆ ಮತ್ತೆ ನೋಡುತ್ತಿದ್ದರು. ಮುಂದೆ ಸ್ಮೃತಿಕೋಶಗಳು, ಬಳಿಕ ಕಂಪ್ಯೂಟರು ಬಂದು ಪಿ7 ನಳಿಗೆಯನ್ನು ಮೂಲೆಗೆ ಸೇರಿಸಿದವು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಬರುವ ವರ್ಣಚಿತ್ರಗಳಲ್ಲೂ ಕಪ್ಪು 1,500, ಬಿಳಿ 2,300 ಹರ್ಟ್ಸೇ. ನಿಲ್ದಾಣ ನಿಮ್ಮೂರಿನ ಮೇಲೆ ಹಾಯುವಾಗ ರೇಡಿಯೋದ ಸ್ಪೀಕರಿನ ಮುಂದೆ ಸೂಕ್ತ ತಂತ್ರಾಂಶವಿರುವ ಮೊಬೈಲ್ ಹಿಡಿದರೆ ಚಿತ್ರ ಗೆರೆಗೆರೆಯಾಗಿ ಇಳಿಯುತ್ತದೆ. ಒಂದಕ್ಕೆ ಸುಮಾರು ಎರಡು ನಿಮಿಷ.