ಖರ್ಜೂರದ ದ್ವೀಪದಲ್ಲಿ ಹುಳುಕು ಹಲ್ಲು

ಬಹ್ರೈನಿನ ನ್ಯಾಷನಲ್ ಮ್ಯೂಸಿಯಂನಲ್ಲಿ ಹಳೇ ಕಾಲದ ಗೋರಿಗಳನ್ನು ಮರುಜೋಡಿಸಿ ಇಟ್ಟಿದ್ದಾರೆ. ಊರಿಂದ ಯಾರೇ ಬಂದ್ರೂ ನಾನು ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಅವರೆಲ್ಲ ಮಡಕೆ, ಮುದ್ರೆ, ಮಣಿ ನೋಡ್ತಾರೆ. ನನ್ನ ಕಣ್ಣು ಮಾತ್ರ ದವಡೆಗಳ ಮೇಲೆ. ಈ ದ್ವೀಪದ ಹಲ್ಲುನೋವಿಗೆ ಅಷ್ಟು ದೊಡ್ಡ ಇತಿಹಾಸ ಇದೆ ಸ್ವಾಮಿ!

ಜೂಡಿತ್ ಲಿಟಲ್ಟನ್ ಮತ್ತು ಬ್ರೂನೋ ಫ್ರೋಲಿಕ್ ಅನ್ನೋ ಸಂಶೋಧಕರು ಇಲ್ಲಿನ ಗೋರಿಗಳಲ್ಲಿ ಸಿಕ್ಕ ಹಲ್ಲುಗಳನ್ನು ಪರೀಕ್ಷಿಸಿ 1989 ಮತ್ತು 1993ರಲ್ಲಿ ಬರೆದಿದ್ದಾರೆ. ತುಂಬ ಹುಳುಕು, ಬದುಕಿದ್ದಾಗಲೇ ಕಳಕೊಂಡ ಹಲ್ಲುಗಳೂ ಬಹಳ. ಸತ್ತ ಮೇಲೆ ಬಿದ್ದದ್ದೋ ಮೊದಲೇ ಹೋದದ್ದೋ ಅಂತ ಹೇಗೆ ಗೊತ್ತಾಗುತ್ತೆ ಅಂತೀರಾ? ಹಲ್ಲು ಮೊದಲೇ ಹೋಗಿದ್ರೆ ಆ ಗುಳಿಯಲ್ಲಿ ಮೂಳೆ ಬೆಳೆದು ಮುಚ್ಚಿಕೊಂಡಿರುತ್ತೆ. ಅವರು ಬೆರಳು ತೋರಿಸಿದ್ದು ಖರ್ಜೂರದ ಕಡೆಗೆ. ಕಲಾತ್ ಅಲ್ ಬಹ್ರೈನ್ ಕೋಟೆಯಲ್ಲಿ ‘ಮದ್ಬಸಾ’ ಅಂತ ಹಳೇ ಕೋಣೆಗಳಿವೆ. ನೆಲದಲ್ಲಿ ಸಾಲು ಸಾಲು ಕಾಲುವೆ. ಮೇಲೆ ಖರ್ಜೂರ ತುಂಬಿ ಒಟ್ಟಿದರೆ ತನ್ನ ಭಾರಕ್ಕೆ ತಾನೇ ಹಿಂಡಿಕೊಂಡು ಪಾಕ ಇಳಿದು ಹರಿಯುತ್ತೆ. ನಮ್ಮ ಜೋನಿಬೆಲ್ಲದ ಅಣ್ಣ ಅನ್ನಿ. ಅಂಟು ಸಿಹಿ ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತೆ, ಆಮ್ಲ ಎನಾಮಲ್ ಕರಗಿಸುತ್ತೆ. ಅಷ್ಟೇ ಕಥೆ.

ಹುಳುಕಿಗೆ ಅವತ್ತು ಗೊತ್ತಿದ್ದ ಕೊನೇ ಮದ್ದು ಕೀಳೋದು. ಕ್ಷೌರಿಕರೇ ಕೀಳ್ತಿದ್ರು, ಯುರೋಪಿನಲ್ಲೂ, ಅರಬರಲ್ಲೂ. ಆದ್ರೆ ಇದಕ್ಕೆ ಬೇಡ ಅಂದ ಒಬ್ಬ ಮಹಾನುಭಾವ ಅರಬಿಯಲ್ಲೇ ಬರೆದಿದ್ದಾನೆ: ಕ್ರಿ.ಶ. 1000ರ ಸುಮಾರಿಗೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ವೈದ್ಯ ಅಲ್ ಜಹ್ರಾವಿ. ಹಲ್ಲು ಅಮೂಲ್ಯ, ಬೇರೆಲ್ಲ ಉಪಾಯ ಮುಗಿದ ಮೇಲಷ್ಟೇ ಕೀಳಬೇಕು ಅಂತ ಅವನ ಮತ. ಅವಸರದಲ್ಲಿ ಒಳ್ಳೇ ಹಲ್ಲನ್ನೇ ಕಿತ್ತುಬಿಡೋ ಕ್ಷೌರಿಕರ ಮೇಲೆ ಸಿಟ್ಟು ಬೇರೆ. ಗಾರೆ ಕೆರೆಯೋಕೆ 14 ಬಗೆಯ ಉಪಕರಣಗಳ ಚಿತ್ರ ಕೊಟ್ಟಿದ್ದಾನೆ, ಅಲ್ಲಾಡೋ ಹಲ್ಲನ್ನು ಚಿನ್ನದ ತಂತಿಯಲ್ಲಿ ಕಟ್ಟೋದನ್ನೂ ವಿವರಿಸಿದ್ದಾನೆ.

ಅಲ್ಲಿಂದ ಒಂಬೈನೂರು ವರ್ಷ ಮುಂದೆ ಬನ್ನಿ. ಅಮೆರಿಕದ ಜಿ.ವಿ. ಬ್ಲ್ಯಾಕ್ 1908ರ ತನ್ನ ದೊಡ್ಡ ಗ್ರಂಥದಲ್ಲಿ ಹುಳುಕಿನ ಸುತ್ತಲಿನ ಒಳ್ಳೇ ಭಾಗವನ್ನೂ ಕೊರೆದು ತೆಗೀಬೇಕು, ಆಗ ಮತ್ತೆ ಹುಳುಕು ಹಿಡಿಯಲ್ಲ ಅಂದ. ಈಗ ಅವನನ್ನು ಬೈಯೋದು ಸುಲಭ. ಆದ್ರೆ ಆಗಿನ ಬೆಳ್ಳಿ ಫಿಲ್ಲಿಂಗ್ ಹಲ್ಲಿಗೆ ಅಂಟ್ತಾನೇ ಇರಲಿಲ್ಲ! ಒಳಗೆ ಅಗಲ ಮಾಡಿ ಕೊರೆದು ಸಿಕ್ಕಿಸಿ ಕೂರಿಸಬೇಕಿತ್ತು. ಹಾಗಾಗಿ ಬದಲಾವಣೆ ಶುರುವಾಗಿದ್ದು ಅಂಟಿನಿಂದ. ಬಣ್ಣ ಚೆನ್ನಾಗಿ ಹಿಡೀಲಿ ಅಂತ ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದುದನ್ನು ನೋಡಿ, ಬ್ಯೂನೋಕೋರ್ 1955ರಲ್ಲಿ ಅದನ್ನೇ ಹಲ್ಲಿಗೆ ಹಚ್ಚಿ ನೋಡಿದ. 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ ಗ್ಲಾಸ್ ಅಯಾನಮರ್ ಸಿಮೆಂಟ್ ತಂದರು. ಹಲ್ಲಿಗೆ ತಾನೇ ಅಂಟುತ್ತೆ, ಫ್ಲೋರೈಡನ್ನೂ ಬಿಡುತ್ತೆ.

ನನಗೆ ತುಂಬ ಇಷ್ಟವಾದ ಭಾಗ ಇದರ ಮುಂದಿನದು. 1980ರ ದಶಕದ ನಡುವೆ ಟಾಂಜಾನಿಯಾದ ಹಳ್ಳಿಗಳಲ್ಲಿ ಯೋ ಫ್ರೆಂಕನ್ ಮತ್ತು ಜೊತೆಯವರಿಗೆ ಡ್ರಿಲ್ ಓಡಿಸೋಕೆ ಕರೆಂಟೇ ಇಲ್ಲ. ಕೈಯ ಉಪಕರಣದಲ್ಲೇ ಕೊಳೆತ ಮೆತ್ತನೆ ಭಾಗ ಕೆರೆದು ತೆಗೆದು ಸಿಮೆಂಟ್ ತುಂಬಿದ್ರು. ಬಹಳ ಸಲ ಇಂಜೆಕ್ಷನ್ನೂ ಬೇಕಾಗಲಿಲ್ಲ. ಬಡವರಿಗೆ ಬದಲಿ ವ್ಯವಸ್ಥೆ ಅಂತ ಹುಟ್ಟಿದ್ದನ್ನು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎತ್ತಿ ಹಿಡಿಯಿತು. 2002ರಲ್ಲಿ ದಂತವೈದ್ಯರ ವಿಶ್ವ ಸಂಘಟನೆ ಎಫ್‌ಡಿಐ, ಹಲ್ಲಿಗೆ ಆದಷ್ಟು ಕಮ್ಮಿ ಕೈ ಹಚ್ಚಿ ಅನ್ನೋದನ್ನೇ ನೀತಿ ಮಾಡಿಕೊಂಡಿತು. ಜಪಾನಿನಲ್ಲಿ 1970ರಿಂದಲೇ ಇದ್ದ ಸಿಲ್ವರ್ ಡಯಮೀನ್ ಫ್ಲೋರೈಡ್ ಅನ್ನೋ ದ್ರಾವಣ ಇನ್ನೂ ಸರಳ: ಕೊರೆಯೋದೇ ಇಲ್ಲ, ಹುಳುಕಿನ ಮೇಲೆ ಸವರಿದ್ರೆ ಸಾಕು, ಎಷ್ಟೋ ಸಲ ಅದು ಅಲ್ಲಿಗೇ ನಿಲ್ಲುತ್ತೆ. 2021ರಲ್ಲಿ ಈ ದ್ರಾವಣವೂ ಆ ಸಿಮೆಂಟೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿವೆ.

ಇಷ್ಟೆಲ್ಲ ಬರೀತಿರೋದು ಯಾಕಂದ್ರೆ, ಇಲ್ಲಿ ಲೇಬರ್ ಕ್ಯಾಂಪುಗಳಲ್ಲಿರೋ ನಮ್ಮ ಹುಡುಗರು ಇನ್ನೂ ಗೋರಿಯವರ ಕಾಲದಲ್ಲೇ ಇದ್ದಾರೆ. ಹಲ್ಲು ಜುಂ ಅಂದ್ರೆ ಒಂದು ಲವಂಗ, ಒಂದು ಮಾತ್ರೆ, ‘ರಜೆಗೆ ಹೋದಾಗ ಮಂಗಳೂರಲ್ಲಿ ತೋರಿಸ್ತೀನಿ ಅಣ್ಣ’. ರಜೆ ಬರೋದು ಎರಡು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಹುಳುಕು ನರಕ್ಕೆ ಮುಟ್ಟಿರುತ್ತೆ. ಆಮೇಲೆ ಸವರೋದೂ ಇಲ್ಲ, ಕೆರೆಯೋದೂ ಇಲ್ಲ; ರೂಟ್ ಕೆನಾಲ್ ಇಲ್ಲವೇ ಕೀಳ್ಸೋದು. ರೂಟ್ ಕೆನಾಲಿನ ರೇಟು ಕೇಳಿದವನು ಕೀಳ್ಸೇ ಬರ್ತಾನೆ.

ಅಂದಹಾಗೆ ಆ ದ್ರಾವಣಕ್ಕೆ ಒಂದು ದೋಷ ಇದೆ. ಸವರಿದ ಹುಳುಕು ಕಪ್ಪಗಾಗುತ್ತೆ, ಮತ್ತೆ ಹೋಗೋದಿಲ್ಲ. ಮುಂದಿನ ಹಲ್ಲಾದ್ರೆ ಯಾರೂ ಬೇಡ ಅಂತಾರೆ. ಒಳಗಿನ ದವಡೆ ಹಲ್ಲಾದ್ರೆ ಏನೀಗ, ಯಾರು ಬಾಯಿ ಬಿಡಿಸಿ ನೋಡ್ತಾರೆ?