ಪತ್ತೇದಾರಿ ಕಾದಂಬರಿಕಾರರು, ಕನ್ನಡದ

ರಕ್ತಪಾತದ ವರ್ಣನೆಗಿಂತ ಸುಳಿವು, ಊಹೆ, ತರ್ಕಗಳಿಂದ ಓದುಗರನ್ನು ಹಿಡಿದಿಡುವ ಕಥೆಗಾರರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ ಹುಟ್ಟಿದ ಎಂ. ವೆಂಕಟಕೃಷ್ಣಯ್ಯ (1844–1933) ಈ ಪ್ರಕಾರಕ್ಕೆ ಬಹು ಹಿಂದೆಯೇ ಕೈಹಾಕಿದವರಲ್ಲಿ ಒಬ್ಬರು. ‘ತಾತಯ್ಯ’ ಎಂದೇ ಹೆಸರಾದ ಅವರು ಮೈಸೂರಿನಲ್ಲಿ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಪತ್ರಕರ್ತರು, ‘ಚೋರಗ್ರಹಣ ತಂತ್ರ’ದ ಲೇಖಕರು. ವಿದ್ಯಾರ್ಥಿಗಳಿಗಾಗಿ ನೀತಿಗ್ರಂಥ ಬರೆದ ಕೈಯೇ ಕಳ್ಳನನ್ನು ಹಿಡಿಯುವ ಕಥೆಯನ್ನೂ ಬರೆಯಿತು. ಪತ್ತೇದಾರಿ ಬರವಣಿಗೆ ಕನ್ನಡ ಗದ್ಯದ ಹಿತ್ತಲಲ್ಲಿ ಬೆಳೆದ ಕಳೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಈ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಎನ್. ನರಸಿಂಹಯ್ಯ (1925–2011) ಪ್ರಮುಖರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಸುಮಾರು 500 ಕಾದಂಬರಿಗಳನ್ನು ಬರೆದರು. ಇಷ್ಟು ಬರೆದವರ ಕೃತಿಗಳು ಒಂದೇ ಅಚ್ಚಿನವು ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಈ ಪ್ರಕಾರದಲ್ಲಿ ಚೌಕಟ್ಟು ಮೊದಲೇ ಗೊತ್ತಿರುತ್ತದೆ: ಅಪರಾಧ, ಶಂಕೆ, ಶೋಧ, ಬಯಲು. ಲೇಖಕನು ಕೊನೆಯನ್ನು ಮೊದಲು ನಿಶ್ಚಯಿಸಿ ಹಿಂದಕ್ಕೆ ಬರಬೇಕು, ಸುಳಿವನ್ನು ಓದುಗರ ಕಣ್ಣೆದುರೇ ಇಟ್ಟು ಗಮನವನ್ನು ಬೇರೆಡೆ ಸೆಳೆಯಬೇಕು, ಮುಚ್ಚಿಟ್ಟು ಮೋಸಮಾಡುವಂತಿಲ್ಲ. ಬಿಗಿಯಾದ ಛಂದಸ್ಸು ಕವಿಯ ಶಕ್ತಿಯನ್ನು ಒರೆಹಚ್ಚುವಂತೆ, ಈ ಕಟ್ಟುಪಾಡೂ ಕಥೆಗಾರನನ್ನು ಪರೀಕ್ಷಿಸುತ್ತದೆ. ಸರಳ ಭಾಷೆ, ಚಿಕ್ಕ ವಾಕ್ಯ, ಅಧ್ಯಾಯದ ತುದಿಯ ಕುತೂಹಲ ಹೊಸ ಓದುಗರನ್ನು ಪುಸ್ತಕದತ್ತ ತಂದವು. ಓದುವ ಅಭ್ಯಾಸವನ್ನು ಬೆಳೆಸಿದ ಈ ದುಡಿಮೆಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿಗಿಂತ ದೊಡ್ಡ ಸ್ಥಾನ ಸಲ್ಲಬೇಕು.